ಪ್ಯಾದೆಯಾಗಿದ್ದ ಒಂದು ಬಟನ್

ಬಿದ್ದ ಬಟನ್ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನ ಸೀಟಿನ ಮೇಲಿರಲಿ, ಬೀಗರ ಮನೆಯ ಚಾಪೆಯ ಮೇಲಿರಲಿ, ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡುಬಿಡುತ್ತೇನೆ. ಎತ್ತಿದೆ ಎನ್ನುವುದು ನನಗೆ ಗೊತ್ತಾಗುವುದು ಆಮೇಲೆ. ಹೋದ ತಿಂಗಳು ಬ್ಯಾಂಕಿನಲ್ಲಿ ಹೀಗೇ ಆಯಿತು. ಕೌಂಟರಿನ ಹುಡುಗಿಯ ಸ್ವೆಟರಿನ ಬಟನ್ ಕಿತ್ತುಬಂದಿತ್ತು. ಊಟದ ಹೊತ್ತಿಗೆ ಹೊಲಿದುಕೊಂಡರಾಯಿತೆಂದು ಪಾಪ ಆಕೆ ಅದನ್ನು ಶಾಯಿಪ್ಯಾಡಿನ ಪಕ್ಕ ಇಟ್ಟುಕೊಂಡಿದ್ದಳು. ನಾನು ರುಜು ಹಾಕಿ ಪೆನ್ನು ವಾಪಸ್ಸು ಕೊಡುವಷ್ಟರಲ್ಲಿ ಬಟನ್ ಇಲ್ಲ. ಆಕೆ ಕೀಬೋರ್ಡ್ ಎತ್ತಿ ನೋಡಿದಳು, ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು. ನಾನೂ ಈಚೆ ಕಡೆ ಬಗ್ಗಿ ಮನಸ್ಸಿಟ್ಟು ಹುಡುಕಿದೆ. ಮೆಟ್ಟಿಲಿಳಿದ ಮೇಲೆ ಅದು ನನ್ನ ಜೇಬಿನಲ್ಲಿ ಸಿಕ್ಕಿತು. ವಾಪಸ್ಸು ಹೋಗಿ ಕೊಟ್ಟೆ. ಅರವತ್ತು ದಾಟಿದ ಮನುಷ್ಯ ಬಟನ್ ಕದ್ದು ತಂದುಕೊಟ್ಟರೆ ಬ್ಯಾಂಕಿನವರು ಹೇಗೆ ನೋಡುತ್ತಾರೋ ಹಾಗೆ ನೋಡಿದಳು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ನಗಲಿಲ್ಲ. "ಒಮ್ಮಿ ಆತು, ಬುದ್ಧಿ ಬರ್ಲಿಲ್ಲ ನಿಮಗ," ಅಂದಳು. ಅಂದು ಟೀವಿಯ ಕಡೆ ನೋಡಿದಳು. ಟೀವಿಯ ಕಡೆ ಅಲ್ಲ, ಟೀವಿಯನ್ನು ಹೊತ್ತು ನಿಂತಿರುವ ಹೊಲಿಗೆ ಮಿಷಿನ್ನಿನ ಕಡೆ.

ಈ ಚಟ ನನಗೆ ಅಂಟಿದ್ದು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ. ಊರಿನ ಅರ್ಧ ಜನ ಪ್ಯಾಂಟು ಹೊಲಿಯುತ್ತಿದ್ದ, ಇನ್ನರ್ಧ ಜನ ಹೊಲಿದ ಪ್ಯಾಂಟಿನ ದಾರ ಕತ್ತರಿಸುತ್ತಿದ್ದ ಕಾಲ ಅದು. ಸಂಜೆ ಮೂಗು ಸೀನಿದರೆ ಕರವಸ್ತ್ರ ನೀಲಿ. ನಾನು ಹೊಲಿಯುವವನೂ ಅಲ್ಲ, ಕತ್ತರಿಸುವವನೂ ಅಲ್ಲ, ಸೂಪರ್‌ವೈಸರ್. ಅಂದರೆ ತನಗೆ ಬಾರದ ಕೆಲಸವನ್ನು ಬರುವವರು ಸರಿಯಾಗಿ ಮಾಡುತ್ತಿಲ್ಲವೆಂದು ಬೈಯುವವನು. ಎಲ್ಲರೂ ನನ್ನನ್ನು ಮಾಸ್ಟ್ರೇ ಅನ್ನುತ್ತಿದ್ದರು. ಸೊಂಟದ ಮೇಲೆ ಒತ್ತುವ ತಾಮ್ರದ ಬಣ್ಣದ ಬಟನ್ ಒಂದು ನೆಲದಲ್ಲಿ ಕಂಡರೂ ನಮ್ಮ ಸಾವ್ಕಾರ್ರು ಮುಖ ಗಂಟು ಹಾಕುತ್ತಿದ್ದರು. ಹಾಗಾಗಿ ಮಿಷಿನ್ನುಗಳ ಸಾಲಿನಲ್ಲಿ ಓಡಾಡುತ್ತ, ಬಾಯಲ್ಲಿ ಒಬ್ಬನನ್ನು ಬೈಯುತ್ತ, ಕಣ್ಣಲ್ಲಿ ಇನ್ನೊಬ್ಬನನ್ನು ಹೆದರಿಸುತ್ತ, ಕೈಯಲ್ಲಿ ಬಟನ್ ಎತ್ತಿ ಜೇಬಿಗಿಳಿಸುವುದನ್ನು ನಾನು ರೂಢಿ ಮಾಡಿಕೊಂಡೆ. ಸಂಜೆ ಜೇಬನ್ನು ಡಬ್ಬಿಗೆ ಸುರಿಯುತ್ತಿದ್ದೆ. ಅಷ್ಟು ವರ್ಷದಲ್ಲಿ ನನ್ನ ಕೈ ಕಲಿತ ವಿದ್ಯೆ ಇದೊಂದೇ.

ಇನ್ನೊಂದು ಕೆಲಸವಿತ್ತು. ಸಂಜೆ ಆರಕ್ಕೆ ಗೇಟಿನಲ್ಲಿ ನಿಂತು ಮನೆಗೆ ಹೊರಟವರ ಜೇಬು ತಡವುವುದು. ಹೆಂಗಸರ ಸಾಲಿಗೆ ಬೇರೆ ಒಬ್ಬಾಕೆ ಇದ್ದಳು, ಗಂಡಸರದು ನನ್ನ ಪಾಲು. ಇಡೀ ದಿನ ಒಂದೊಂದು ಪ್ಯಾಂಟಿಗೆ ಐದೈದು ಜೇಬು ಹೊಲಿದವರು ಸಂಜೆ ತಮ್ಮ ಜೇಬನ್ನು ಹೊರಗೆಳೆದು, ಒಳಬಟ್ಟೆ ತೋರಿಸಿ, ಆಮೇಲೆ ಊರಿನ ಬಸ್ಸು ಹಿಡಿಯಬೇಕು. ಬೀಡಿ, ಅಡಿಕೆ ಚೂರು, ಮಗುವಿಗೆಂದು ಕೊಂಡ ಪೆಪ್ಪರ್‌ಮೆಂಟು, ಇಂಥವೇ ಸಿಗುತ್ತಿದ್ದದ್ದು. ಒಮ್ಮೆ ಒಬ್ಬನ ಹತ್ತಿರ ಒಂದು ಜಿಪ್ಪು ಸಿಕ್ಕಿದಾಗ ನಾನು ಹುಲಿ ಹೊಡೆದವನ ಹಾಗೆ ವಾರವಿಡೀ ಓಡಾಡಿದೆ.

ಚದುರಂಗದ ಕತೆ ಹೇಳುತ್ತೇನೆಂದು ಕೂತು ಜಿಪ್ಪಿಗೆ ಬಂದೆ. ಇರಲಿ, ಅದಕ್ಕೂ ಬರುತ್ತೇನೆ.

ಚದುರಂಗ ನನಗೆ ಕಲಿಸಿದ್ದು ಸೋದರಮಾವ. ಕೋಟೆ ಗುಡ್ಡದ ಬುಡದಲ್ಲಿ ಅವನ ಕಿರಾಣಿ ಅಂಗಡಿ, ಅದರ ಮುಂದೆ ಹಾಸುಗಲ್ಲಿನ ಒಂದು ಕಟ್ಟೆ, ಕಲ್ಲಿನ ಮೇಲೆ ಮೊಳೆಯಿಂದ ಕೆರೆದ ಅರವತ್ನಾಲ್ಕು ಮನೆ. ಪುಸ್ತಕದವರು ಪದಾತಿ ಅನ್ನುವುದಕ್ಕೆ ನಮ್ಮಲ್ಲಿ ಪ್ಯಾದೆ. ನಮ್ಮ ಕಟ್ಟೆಯ ಕಾನೂನಿನಲ್ಲಿ ಪ್ಯಾದೆ ಎಂದಿಗೂ ಒಂದೇ ಹೆಜ್ಜೆ. ರಾಜನಿಗೆ ಜೀವಮಾನದಲ್ಲಿ ಒಮ್ಮೆ ಕುದುರೆಯ ಹಾಗೆ ನೆಗೆಯುವ ಅವಕಾಶ. ಮಾವ ಸೋತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಸೋಲುವ ಹೊತ್ತಿಗೆ ಸರಿಯಾಗಿ ಅವನಿಗೆ ಗಿರಾಕಿಯ ನೆನಪಾಗುತ್ತಿತ್ತು. ಎದ್ದ ರಭಸಕ್ಕೆ ಪಂಚೆಯ ಅಂಚು ತಾಗಿ ಕಾಯಿಗಳೆಲ್ಲ ಚೆಲ್ಲಾಪಿಲ್ಲಿ. "ಗೆಲ್ಲೋ ಆಟ ಕೆಟ್ಟೋತು ನೋಡ್ರಿ," ಅಂತ ಅವನೇ ಮರುಗುತ್ತಿದ್ದ. ಎದುರಿಗೆ ಕೂತವರು ಅಂಗಡಿಯಲ್ಲಿ ಉದ್ದರಿ ಬರೆಸುವವರು, ಹೌದ್ರಿ ಹೌದ್ರಿ ಅನ್ನುತ್ತಿದ್ದರು. ನಾನು ಇದನ್ನೆಲ್ಲ ಜಾಣತನ ಅಂದುಕೊಂಡು ಬೆಳೆದೆ.

ಟೂರ್ನಮೆಂಟು ಸಾವ್ಕಾರ್ರ ತಲೆಯಲ್ಲಿ ಹುಟ್ಟಿದ್ದು. ಬೇಸಿಗೆಯಲ್ಲಿ ವಾರಕ್ಕೊಂದು ದಿನ ಯೂನಿಟ್ಟುಗಳಿಗೆ ಕರೆಂಟು ಬಂದ್. ಆ ಒಂದು ದಿನ ಸುಮ್ಮನೆ ಬಿಟ್ಟರೆ ಕೆಲಸದವರು ಬಳ್ಳಾರಿಯ ಯೂನಿಟ್ಟುಗಳಿಗೆ ಹೋಗಿ ನೋಡಿಬರುತ್ತಾರೆ, ನೋಡಿಬಂದವರು ನಿಲ್ಲುವುದಿಲ್ಲ ಎನ್ನುವುದು ಅವರ ಭಯ. ಬಾಯಲ್ಲಿ ಹೇಳಿದ್ದು ಮಾತ್ರ, "ಕಾರ್ಮಿಕರ ಬುದ್ಧಿ ಬೆಳೀಬೇಕ್ರಿ." ಕಲ್ಯಾಣಮಂಟಪ ಗೊತ್ತಾಯಿತು. ಹಿಂದಿನ ಮದುವೆಯ ಥರ್ಮಾಕೋಲ್ ಅಕ್ಷರಗಳು ವೇದಿಕೆಯ ಹಿಂದೆ ಇನ್ನೂ ಇದ್ದವು. ಮದುಮಗಳ ಹೆಸರಿನ ಕೆಳಗೇ ಚದುರಂಗ ಸ್ಪರ್ಧೆ ಎಂಬ ಬಟ್ಟೆ ಕಟ್ಟಿದರು. ಉದ್ಘಾಟನೆಗೆ ಬಂದ ಮಿಲ್ಲಿನ ಧಣಿ ದೀಪ ಹಚ್ಚಿ, ಮಣೆಯ ಮುಂದೆ ಕೂತು, ಫೋಟೋದವನ ಕಡೆ ನೋಡುತ್ತ ರಾಜನನ್ನು ಎತ್ತಿ ಪ್ಯಾದೆಗಳ ತಲೆ ಮೇಲಿಂದ ನಡುಮಣೆಗೆ ತಂದಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಪೈರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರು ಪೀಪಿ ಊದಿ ಚದುರಂಗ ಶುರು ಮಾಡಿಸಿದರು.

ಹದಿನಾರು ಜನ ಆಡಿದೆವು ಅನ್ನುವುದಕ್ಕಿಂತ ಹದಿನಾರು ಜನ ಕಾಯಿ ದಬ್ಬಿದೆವು ಅನ್ನಬೇಕು. ಮೊದಲ ಸುತ್ತಿನಲ್ಲಿ ನನ್ನೆದುರು ಕೂತ, ಪ್ಯಾಂಟು ತೊಳೆಯುವ ವಾಷಿಂಗಿನವನು ತನ್ನ ಕುದುರೆಯಿಂದ ತನ್ನ ಒಂಟೆಯನ್ನೇ ಹೊಡೆದು, "ಅಡ್ಡ ಬಂದಿತ್ತುರಿ," ಅಂದ. ಎರಡನೆಯವನಿಗೆ ಶಹ ಅಂದರೆ ತನ್ನ ರಾಜನನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದ. ಮೂರನೆಯವನು ಊಟಕ್ಕೆ ಹೊತ್ತಾಯಿತೆಂದು ಸೋಲೊಪ್ಪಿಕೊಂಡ. ಇಂಥವರನ್ನು ಗೆದ್ದು ನಾನು ಫೈನಲ್ಲಿಗೆ ಬಂದೆ. ಬಂದಾಗ ಎದೆಯುಬ್ಬಿಸಿಕೊಂಡೇ ಬಂದೆ.

ಆ ಕಡೆಯಿಂದ ಬಂದವನು ಮೂಡ್ಲಪ್ಪ. ಮಡಕಶಿರಾ ಸೀಮೆಯವನು, ಅಮರಾಪುರದಿಂದ ಇನ್ನೂ ಮುಂದಿನ ಹಳ್ಳಿ. ನಮ್ಮ ಯೂನಿಟ್ಟಿನಲ್ಲೇ ಜೇಬು ಕೂಡಿಸುವ ಮಿಷಿನ್ನಿನ ಮೇಲೆ ಕೂರುತ್ತಿದ್ದ. ಮಾತು ಕಡಿಮೆ, ಬೈದರೆ ತಲೆ ತಗ್ಗಿಸುತ್ತಿದ್ದ, ಅದಕ್ಕೇ ಅವನನ್ನು ಬೈಯುವುದು ನನಗೆ ಸಲೀಸಾಗಿತ್ತು. ಮನೆಯಲ್ಲಿ ಕುರಿ ಸಾಕುತ್ತಾರೆಂದು ತಿಳಿದ ಮೇಲೆ ನಾನು ಅವನನ್ನು ಕುರಿ ಎಂದೇ ಕರೆಯುತ್ತಿದ್ದೆ. ಹಾಸ್ಟೆಲಿನಲ್ಲಿದ್ದಾಗ ಚದುರಂಗ ಕಲಿತನಂತೆ. ಕಟ್ಟೆಯ ಆಟವಲ್ಲ, ಪುಸ್ತಕದ ಆಟ.

ಬಹುಮಾನವನ್ನು ವೇದಿಕೆಯ ಮೇಲೆ ಹೂವಿನ ಹಾರ ಹಾಕಿ ಇಟ್ಟಿದ್ದರು: ಮೋಟರ್ ಕೂಡಿಸಿದ ಹೊಸ ಹೊಲಿಗೆ ಮಿಷಿನ್. ಮೂಡ್ಲಪ್ಪ ಬೆಳಿಗ್ಗೆಯಿಂದ ಅದರ ಕಡೆಗೇ ನೋಡುತ್ತಿದ್ದ. ಅವನ ಹೆಂಡತಿ ಲಕ್ಷ್ಮಕ್ಕ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುತ್ತ ಅಕ್ಕನ ಮನೆಯಲ್ಲಿದ್ದಳು. ಮದುವೆಯಾಗಿ ವರ್ಷವಾಗಿದ್ದರೂ ಇಬ್ಬರೂ ಒಂದೇ ಊರಿನಲ್ಲಿ ಒಂದು ತಿಂಗಳು ಇದ್ದವರಲ್ಲ. ರಾಯದುರ್ಗದಲ್ಲಿ ಮನೆಗೆ ಕೆಲಸ ಕೊಡುತ್ತಿದ್ದದ್ದು ಸ್ವಂತ ಮಿಷಿನ್ ಇದ್ದವರಿಗೆ ಮಾತ್ರ. ಕಾಯಿ ಜೋಡಿಸುವಾಗ ಅವನೇ ಬಾಯಿಬಿಟ್ಟ.

"ಮಿಷಿನ್ ಸಿಕ್ಕಿದ್ರೆ ಇವ್ಳ್ನ ಕರ್ಕಂಬತ್ತೀನಿ ಮಾಸ್ಟ್ರೇ. ಮನೇಲೇ ಜೇಬು ಹೊಲ್ಕಂಡಿರ್ತಾಳೆ."

"ಆಟ ಆಡಾಕ ಬಂದೀಯೋ, ಸಂಸಾರ ಹೂಡಾಕ ಬಂದೀಯೋ?" ಅಂದೆ. ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ನನ್ನ ಮನೆಯಲ್ಲಿ ಹೊಲಿಗೆ ಬರುವವರು ಒಬ್ಬರೂ ಇರಲಿಲ್ಲ. ಹಾಗಿದ್ದೂ ಆ ಮಿಷಿನ್ ನನಗೇ ಬೇಕಿತ್ತು. ಕುರಿಗೆ ಸೋತ ಮಾಸ್ಟರು ಅನ್ನಿಸಿಕೊಂಡು ಮರುದಿನ ಗೇಟಿನಲ್ಲಿ ನಿಲ್ಲುವುದು ಹೇಗೆ?

ಶಾಲೆಯ ಪೆಟ್ಟಿಗೆಯಲ್ಲಿ ಒಂದು ಕಪ್ಪು ಪ್ಯಾದೆ ಇರಲಿಲ್ಲ. ಡ್ರಿಲ್ ಮೇಷ್ಟ್ರು ನನ್ನ ಕಡೆ ಕೈ ಚಾಚಿದರು. ರಜೆಯ ದಿನವೂ ನನ್ನ ಜೇಬಿನ ತಳದಲ್ಲಿ ಒಂದು ಬಟನ್ ಇದ್ದೇ ಇತ್ತು, ಕೊಟ್ಟೆ. ಗುರುತಿಗೆ ಇರಲಿ ಅಂತ ಅವರು ಅದರ ಮೇಲೆ ಪೆನ್ನಿನಿಂದ ಒತ್ತಿ ಒತ್ತಿ ಮಸಿ ಬಳಿದರು. ಅದು ಮೂಡ್ಲಪ್ಪನ ಎಂಟನೆಯ ಪ್ಯಾದೆಯಾಗಿ ಅವನ ಆನೆಯ ಮುಂದೆ ಕೂತಿತು.

ಆಟ ಶುರುವಾಯಿತು. ಅವನು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಮುಟ್ಟಿದ ಕಾಯಿ ನಡೆಸಲೇಬೇಕೆಂದು ಮೇಷ್ಟ್ರು ಹೇಳಿದ್ದರಿಂದ ಕೈಗೇ ಬೀಗ ಹಾಕಿಕೊಂಡಿದ್ದ. ನಾನು ಯೋಚಿಸದೆ ಪಟಪಟ ನಡೆಸಿದೆ. ಇವನ ಜೊತೆ ಆಡಲು ಯೋಚನೆ ಬೇರೆ ಬೇಕೇ ಅನ್ನುವುದು ನೋಡಿದವರಿಗೆ ತಿಳಿಯಲಿ ಅಂತ. ಇಪ್ಪತ್ತು ನಡೆಯಾಗುವಷ್ಟರಲ್ಲಿ ನನ್ನ ಕುದುರೆ ಹೋಗಿತ್ತು. ಅವನ ಒಂಟೆ ತೆಗೆದುಕೊಂಡೆ, ನಿಜ. ಮಂತ್ರಿಗೆ ಮಂತ್ರಿಯೂ ಹೋಯಿತು. ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ನಾಲ್ಕಾರು ಪ್ಯಾದೆ. ಅವನಿಗೆ ಒಂದು ಹೆಚ್ಚು, ಆ ಬಟನ್ನು. ಅದು ಮಣೆಯ ಅಂಚು ಹಿಡಿದು ನನ್ನ ಕಡೆ ನಡೆದು ಬರತೊಡಗಿತು. ತಡೆಯಲು ನನ್ನ ಪ್ಯಾದೆ ಒಂದೂ ಆ ಕಡೆ ಇಲ್ಲ. ಇನ್ನೆರಡು ಹೆಜ್ಜೆ ಇಟ್ಟರೆ ಅದು ಮಂತ್ರಿ. ನಮ್ಮ ಕಟ್ಟೆಯ ಕಾನೂನಿನಲ್ಲಾದರೆ ಆನೆಯ ಮನೆಗೆ ಹೋದ ಪ್ಯಾದೆ ಆನೆಯಷ್ಟೇ ಆಗಬೇಕು. ಪುಸ್ತಕದಲ್ಲಿ ಎಲ್ಲಿ ಹೋದರೂ ಮಂತ್ರಿಯಾಗಬಹುದಂತೆ. ಈ ಪುಸ್ತಕ ಬರೆದವರ ಮೇಲೆ ನನಗೆ ಆವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹನ್ನೊಂದಕ್ಕೆ ಹೋದ ಊರಿನ ಕರೆಂಟು ಇನ್ನೂ ಬಂದಿರಲಿಲ್ಲ. ಜನರೇಟರಿಗೆ ಡೀಸೆಲ್ ಹಾಕಿಸುವ ಮನಸ್ಸು ಸಾವ್ಕಾರ್ರಿಗಿರಲಿಲ್ಲ. ಅವರು ಮುಂದಿನ ಸಾಲಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಮೇಷ್ಟ್ರು ಚಹಾ ಎಲ್ಲಿಗೆ ಬಂತೆಂದು ನೋಡಲು ಹೋಗಿದ್ದರು. ನಾನು ಬೆವರು ಒರೆಸಿಕೊಂಡು ನನ್ನ ಆನೆಯನ್ನು ಆ ಬಟನ್ನಿನ ಪಕ್ಕಕ್ಕೆ ತಂದಿಟ್ಟು ಕೈ ಹಿಂದಕ್ಕೆ ತಂದೆ. ಆಗಲೇ ಕರೆಂಟು ಬಂತು. ಫ್ಯಾನುಗಳು ತಿರುಗಿದವು, ಮೈಕು ಕಿರ್ರೆಂದಿತು, ನಿಂತವರೆಲ್ಲ ಹೋ ಎಂದು ಮೇಲೆ ನೋಡಿದರು. ನಾನೂ ಫ್ಯಾನಿನ ಕಡೆ ಮುಖವೆತ್ತಿ ಗಾಳಿ ಕುಡಿದೆ.

ಮಣೆಯ ಕಡೆ ನೋಡಿದರೆ ಬಟನ್ ಇಲ್ಲ.

ನಿಮ್ಮಾಣೆ, ಅದು ಎಲ್ಲಿ ಹೋಯಿತೆಂದು ಆ ಗಳಿಗೆಯಲ್ಲಿ ನನಗೆ ತಿಳಿಯಲಿಲ್ಲ. ಗದ್ದಲದಲ್ಲಿ ಯಾರದೋ ಕೈ ತಾಗಿ ಕೆಳಗೆ ಬಿದ್ದಿರಬೇಕು ಅಂದುಕೊಂಡೆ. ಆದರೆ ಅದು ಅಲ್ಲಿ ಇತ್ತು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಗಂಟೆಯಿಂದ ನನ್ನ ಪ್ರಾಣ ತಿಂದ ಪ್ಯಾದೆ ಅದು. ತಡೀರಿ, ಒಂದು ಕಾಯಿ ಬಿದ್ದಿದೆ, ಹುಡುಕೋಣ ಅನ್ನಲು ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಅವನ ಪ್ಯಾದೆ, ಅವನು ಕೇಳಲಿ, ನನಗೇನು ಬಂತು? ಮಾವನ ಪಂಚೆಯ ಅಂಚು ಆವತ್ತು ನನ್ನ ಬಾಯಿಯ ಮೇಲೆ ಬಿದ್ದಿತ್ತು.

ಮೂಡ್ಲಪ್ಪ ಮಣೆ ನೋಡಿದ. ನನ್ನ ಮುಖ ನೋಡಿದ. ಮುಖದಿಂದ ಸ್ವಲ್ಪ ಕೆಳಗೆ ನೋಡಿದ. ಅಷ್ಟರಲ್ಲಿ ಮೇಷ್ಟ್ರು ಬಂದು, "ಯಾರ ನಡೆ?" ಅಂದರು.

"ನಂದು ಸಾ," ಅಂದ ಅವನು. ಕಂಕುಳಿಂದ ಕೈ ತೆಗೆದು ರಾಜನನ್ನು ಒಂದು ಮನೆ ಸರಿಸಿದ.

ಆಗ ನನಗೆ ಬಂದದ್ದು ನಾಚಿಕೆಯಲ್ಲ, ತಾತ್ಸಾರ. ತನ್ನ ಪ್ಯಾದೆ ಎಷ್ಟು ಅಂತ ಎಣಿಸಲು ಬಾರದ ಕುರಿಗೆ ಫೈನಲ್ಲು ಬೇರೆ ಕೇಡು ಅಂದುಕೊಂಡೆ. ಬಟನ್ನಿನ ಕಾವಲು ತಪ್ಪಿದ ನನ್ನ ಆನೆ ಅವನ ಪ್ಯಾದೆಗಳನ್ನು ಒಂದೊಂದಾಗಿ ಮೇಯ್ದಿತು. ಹದಿನೈದು ನಡೆಯಲ್ಲಿ ಆಟ ಮುಗಿಯಿತು. ಅವನು ಎದ್ದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕುಲುಕಿದ. ಮೇಷ್ಟ್ರು ಕಾಯಿಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುತ್ತ, "ಒಂದು ಕರೇ ಪ್ಯಾದೆ ಕಡಿಮಿ ಐತಲ್ಲ," ಅಂದರು. ಮತ್ತೆ ತಾವೇ, "ಹಾಂ, ಅದು ಮೊದ್ಲೇ ಇದ್ದಿಲ್ಲ," ಅಂದು ಮುಚ್ಚಳ ಹಾಕಿದರು. ಸಾವ್ಕಾರ್ರು ಎದ್ದು ಮೈಕು ಹಿಡಿದು, ಸೂಪರ್‌ವೈಸರ್ ಅಂದ್ರೆ ಹಿಂಗಿರ್ಬೇಕ್ರಿ, ಕಣ್ಣೆಲ್ಲ ಕಾಯಿ ಮ್ಯಾಲೆ ಅಂದರು. ಇಡೀ ಆಟ ನಿದ್ದೆ ಮಾಡಿದವರು. ಮಿಷಿನ್ನನ್ನು ಹಾರದ ಸಮೇತ ತಳ್ಳುಗಾಡಿಯಲ್ಲಿ ಮನೆಗೆ ತಂದೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಆಟದ ವರ್ಣನೆ ಮಾಡಿದೆ.

ಮನೆಯಲ್ಲಿ ಬೆವರಿನ ಅಂಗಿ ಬಿಚ್ಚಿ ಕೊಟ್ಟೆ. ನೆನೆಹಾಕುವ ಮುಂಚೆ ಜೇಬು ನೋಡುವುದು ನನ್ನ ಹೆಂಡತಿಯ ಪದ್ಧತಿ. "ರಜಾ ದಿನಾನೂ ಬಟನ್ನೇನ್ರಿ? ಅದೂ ಮಸಿ ಬಡ್ದಿದ್ದು," ಅಂತ ತಂದು ಅಂಗೈಯಲ್ಲಿ ಇಟ್ಟಳು. ಜೇಬಿನ ಬಟ್ಟೆಯ ಮೇಲೆ ನೀಲಿ ಕಲೆಯಾಗಿತ್ತು. ನಾನು ಕೂತಲ್ಲೇ ಕೂತೆ. ಅವಳು ಏನೆಂದು ಕೇಳಿದಳು, ಹೇಳಿದೆ. "ಮತ್ತ ನಾಳೆ ಹೋಗಿ ಕೊಟ್ಟು ಬರ್ರಿ, ಮಿಷಿನ್ನೂ ಕೊಡ್ರಿ," ಅಂದಳು. ಆಗಲಿ ಅಂದೆ.

ಕೊಡಲಿಲ್ಲ. ಮರುದಿನ ಸಂಜೆ ಆರಕ್ಕೆ ಗೇಟಿನಲ್ಲಿ ನಿಂತೆ. ಮೂಡ್ಲಪ್ಪ ಸಾಲಿನಲ್ಲಿ ಬಂದು, ಎಂದಿನಂತೆ ಎರಡೂ ಜೇಬು ಹೊರಗೆಳೆದು, ಕೈ ಎತ್ತಿ ನಿಂತ. ನಾನು ಅವನ ಮೈ ತಡವಿದೆ. ಎಂದಿಗಿಂತ ಸ್ವಲ್ಪ ಬಿರುಸಾಗಿಯೇ ತಡವಿದೆ ಅಂತ ಈಗ ನೆನಪಾಗುತ್ತದೆ. ಎರಡು ವಾರವಾದ ಮೇಲೆ ಅವನು ಲೆಕ್ಕ ಮುಗಿಸಿಕೊಂಡು ಬೆಂಗಳೂರಿಗೆ ಹೋದ. ಸೋತ ಸಿಟ್ಟಿಗೆ ಓಡಿಹೋದ ಎಂದು ನಾನೇ ಎಲ್ಲರಿಗೂ ಹೇಳಿದೆ. ಬಟನ್ನನ್ನು ಆ ಮಿಷಿನ್ನಿನ ಡ್ರಾಯರಿನಲ್ಲಿ ಹಾಕಿಟ್ಟೆ. ಮಿಷಿನ್ನಿನ ಮೇಲೆ ಮೊದಲು ಉಪ್ಪಿನಕಾಯಿ ಜಾಡಿಗಳು ಕೂತವು, ಆಮೇಲೆ ಟೀವಿ. ಅದರ ಮೇಲೆ ಒಂದು ದಿಂಬಿನ ಚೀಲವನ್ನೂ ಯಾರೂ ಹೊಲಿದಿಲ್ಲ.

ಬ್ಯಾಂಕಿನ ಹುಡುಗಿ ನೋಡಿದ ನೋಟ ಇಷ್ಟನ್ನೆಲ್ಲ ಎಬ್ಬಿಸಿತು. ಮೂಡ್ಲಪ್ಪ ಬೆಂಗಳೂರು ಬಿಟ್ಟು ಹಳ್ಳಿಗೆ ಬಂದಿದ್ದಾನೆಂದು ಯಾರೋ ಹೇಳಿದ್ದು ನೆನಪಿತ್ತು. ಒಂದು ದಿನ ಡ್ರಾಯರು ಎಳೆದು ಬಟನ್ ತೆಗೆದುಕೊಂಡು ಹೊರಟೆ. ದೊಡ್ಡ ಮನುಷ್ಯನ ಹಾಗೆ ಕ್ಷಮೆ ಕೇಳುವುದು, ಅವನು ಕಣ್ಣೀರು ಹಾಕುವುದು, ಇದನ್ನೆಲ್ಲ ಮಡಕಶಿರಾ ಬರುವಷ್ಟರಲ್ಲಿ ಮನಸ್ಸಿನಲ್ಲೇ ಆಡಿ ಮುಗಿಸಿದ್ದೆ. ಅಮರಾಪುರದಿಂದ ಆಟೋ.

ಗಂಡ ಹೆಂಡತಿ ಅಂಗಳದಲ್ಲಿ ಕೂತು ಗಿಡದಿಂದ ಕಡ್ಲೆಕಾಯಿ ಬಿಡಿಸುತ್ತಿದ್ದರು. ಅವನ ತಲೆ ನರೆತಿತ್ತು. ಗುರುತು ಹಿಡಿದು ಎದ್ದು ನಿಂತ. ಚಾಪೆ ಹಾಕಿದರು, ನೀರು ಕೊಟ್ಟರು. ನಾನು ಬಟನ್ ತೆಗೆದು ಚಾಪೆಯ ಮೇಲಿಟ್ಟೆ.

"ಇದಾ? ಇನ್ನೂ ಇಟ್ಕಂಡಿದ್ದೀರಾ ಮಾಸ್ಟ್ರೇ?" ಅಂದ.

ನಾನು ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಅಲ್ಲಿಗೇ ನಿಂತಿತು. "ನಿನಗ ಗೊತ್ತಿತ್ತೇನು?"

"ನೋಡ್ದೆ ಅಲ್ವಾ. ಆನೆ ಇಟ್ರಿ, ಕೈ ತಗಳಾಗ ಇದ್ನ ಎತ್ಕಂಡು ಜೇಬಿಗೆ ಹಾಕ್ಕಂಡ್ರಿ. ಕದ್ದು ಹಾಕ್ಕಂಡಿದ್ದಲ್ಲ ಅಂತ್ಲೂ ಗೊತ್ತು. ದಿನಾ ಹಂಗೇ ಎತ್ಕಣಾದು ನೋಡ್ತಿದ್ನಲ್ಲ."

"ಮತ್ತ ಯಾಕ ಹೇಳ್ಲಿಲ್ಲ?"

ಅವನು ಒಂದು ಗಿಡ ಕೈಗೆತ್ತಿಕೊಂಡು ಮಣ್ಣು ಒದರಿದ. "ಹೇಳಿದ್ರೆ? ನಿಮ್ ಜೇಬು ತಡವೋರು ಯಾರು ಮಾಸ್ಟ್ರೇ? ತಡವೋರೇ ನೀವು."

ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಯಾವಾಗ ಬಂತು ಅಂತ ಕೇಳಿದರೆ ಹೇಳುತ್ತಾರಲ್ಲ, ಅಷ್ಟೇ ಸಮನಾಗಿ ಹೇಳಿದ. ಇಷ್ಟು ವರ್ಷ ನಾನು ಎಣಿಸಲು ಬಾರದವನೆಂದು ತಾತ್ಸಾರ ಮಾಡಿದ್ದು ಇವನನ್ನು. ಇವನು ಮಣೆಯ ಮೇಲಿನದನ್ನೂ ಎಣಿಸಿದ್ದ, ಮಣೆಯ ಆಚೆಯದನ್ನೂ ಎಣಿಸಿದ್ದ. ಎಲ್ಲ ಎಣಿಸಿದ ಮೇಲೆಯೇ ರಾಜನನ್ನು ಒಂದು ಮನೆ ಸರಿಸಿದ್ದು. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಮಿಷಿನ್ ಹಾಗೇ ಇದೆ, ನಾಳೆಯೇ ಲಗೇಜ್ ಆಟೋದಲ್ಲಿ ಹಾಕಿ ಕಳಿಸುತ್ತೇನೆ ಅಂದೆ. ಲಕ್ಷ್ಮಕ್ಕ ತಲೆ ಎತ್ತಿದಳು.

"ಬ್ಯಾಡ ಕಣಣ್ಣ. ಆವತ್ತು ಬಂದಿದ್ರೆ ಬೇಕಾಗಿತ್ತು. ಅದೊಂದು ಇದ್ದಿದ್ರೆ ನಾನು ಇವ್ರ ಹತ್ರ ಬತ್ತಿದ್ದೆ. ಬೆಂಗ್ಳೂರ್ನಾಗೆ ಇಬ್ರಿಗೂ ಬ್ಯಾರೆ ಬ್ಯಾರೆ ಶಿಫ್ಟು, ಒಬ್ರ ಮುಖ ಒಬ್ರು ನೋಡ್ದಂಗೆ ವಯಸ್ಸೆಲ್ಲ ಹೋಯ್ತು. ಈಗ ಮಿಷಿನ್ ಸದ್ದು ಕೇಳಿದ್ರೇ ತಲೆ ನೋಯ್ತದೆ."

ಮತ್ತೆ ಕಡ್ಲೆಕಾಯಿ ಬಿಡಿಸತೊಡಗಿದಳು. ನಾನೂ ಒಂದು ಗಿಡ ತೆಗೆದುಕೊಂಡು ಬಿಡಿಸಿದೆ. ಅದೂ ಸರಿಯಾಗಿ ಬರಲಿಲ್ಲ, ಕಾಯಿಯ ಜೊತೆ ಬೇರೂ ಕಿತ್ತುಬರುತ್ತಿತ್ತು.

ಹೊರಡುವಾಗ ಮೂಡ್ಲಪ್ಪ ದಾರಿಯವರೆಗೆ ಬಂದ. "ಬಸ್ನಾಗೆ ತಿನ್ಕಂಡು ಹೋಗ್ರಿ," ಅಂತ ಬೊಗಸೆ ತುಂಬ ಹಸಿ ಕಡ್ಲೆಕಾಯಿ ತಂದು ನನ್ನ ಅಂಗಿಯ ಜೇಬಿಗೆ ತುಂಬಿದ. ನಾನು ಬೇಡ ಬೇಡವೆನ್ನುತ್ತ ಕೈ ಎತ್ತಿಕೊಂಡು ನಿಂತಿದ್ದೆ.

ದಾರಿಯುದ್ದಕ್ಕೂ ಒಂದೊಂದೇ ಸುಲಿದು ತಿಂದೆ. ಕೋಟೆ ಗುಡ್ಡ ಕಾಣುವ ಹೊತ್ತಿಗೆ ಕಾಯಿ ಮುಗಿದವು. ಇನ್ನೊಂದಿದೆಯೇನೋ ಎಂದು ಜೇಬಿಗೆ ಕೈ ಹಾಕಿದೆ. ತಳದಲ್ಲಿ ಮಣ್ಣಿನ ಜೊತೆ, ನಾನು ಚಾಪೆಯ ಮೇಲಿಟ್ಟಿದ್ದ ಬಟನ್ ಇತ್ತು.